ಗುಡುಗು ಮತ್ತು ಗ್ಲುಡುಗ್: ಜಾವಾ ನುಡಿಯ ಅನುಕರಣ ಶಬ್ದಗಳನ್ನು ಕುರಿತು

ಕಾಗೆಗೆ ಆ ಹೆಸರು ಹೇಗೆ ಬಂದಿತೆಂಬ ಪ್ರಶ್ನೆಯನ್ನು ಯಾಸ್ಕಾಚಾರ್ಯರು ತಮ್ಮ ನಿರುಕ್ತದಲ್ಲಿ ಎತ್ತಿಕೊಂಡಿದ್ದಾರೆ. 'ಕಾಕ' ಎಂಬುದು ಆ ಹಕ್ಕಿಯ ಕೂಗಿನ ಅನುಕರಣವೆಂದೂ, ಪಕ್ಷಿಗಳ ಹೆಸರುಗಳಲ್ಲಿ ಇಂಥದು ಬಹುಳವಾಗಿ ಕಾಣುತ್ತದೆಂದೂ ಅವರ ಮತ. ಅದರ ಬೆನ್ನಿಗೇ ಔಪಮನ್ಯವನೆಂಬ ಆಚಾರ್ಯನ ಪಕ್ಷವನ್ನೂ ಅವರು ಉಲ್ಲೇಖಿಸುತ್ತಾರೆ. ಶಬ್ದಾನುಕರಣವೆಂಬುದೇ ಇಲ್ಲ, ಕಾಕವೆಂದರೆ ಓಡಿಸಲ್ಪಡತಕ್ಕದ್ದು ಎಂದು ಅರ್ಥ, ಎಂಬುದು ಆತನ ವಾದ. ಅಂಗಳದಲ್ಲಿ ಹಪ್ಪಳ ಒಣಹಾಕಿದ ಗೃಹಿಣಿಯರು ಔಪಮನ್ಯವನ ಪಕ್ಷವನ್ನು ವಹಿಸಿಯಾರು. ಉಳಿದವರಿಗೆ ಯಾಸ್ಕರ ಮಾತೇ ಸರಿಯೆಂದು ತೋರುತ್ತದೆ. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಈ ವಿವಾದ ಇಂದಿಗೂ ಮುಗಿದಿಲ್ಲವೆಂಬುದು ನನಗೆ ಮನದಟ್ಟಾದದ್ದು ಗ್ರಂಥದಿಂದಲ್ಲ, ನಮ್ಮ ಶಾಲೆಯ ಹುಡುಗನೊಬ್ಬನ ಉತ್ತರಪತ್ರಿಕೆಯಿಂದ.

ಕೆಲವು ವರ್ಷಗಳ ಹಿಂದೆ ಅಂತರಶಾಲಾ ಪ್ರಬಂಧ ಸ್ಪರ್ಧೆಯೊಂದರಲ್ಲಿ ಆ ಹುಡುಗನು ತನ್ನ ಊರಿನ ತೋಟವನ್ನು ವರ್ಣಿಸುತ್ತ 'ಹಲಸಿನ ಹಣ್ಣು ದೊಪ್ಪನೆ ಬಿತ್ತು' ಎಂದು ಬರೆದಿದ್ದನು. ತೀರ್ಪುಗಾರರು 'ದೊಪ್ಪನೆ' ಎಂಬಲ್ಲಿಗೆ ಕೆಂಪು ಗೆರೆಯೆಳೆದು, ಅಂಚಿನಲ್ಲಿ 'ಗ್ರಾಮ್ಯ' ಎಂದು ಬರೆದು, ಅದರ ಸ್ಥಾನದಲ್ಲಿ 'ಸಶಬ್ದವಾಗಿ' ಎಂದು ತಿದ್ದಿ ಕಳುಹಿಸಿದ್ದರು. ಹಲಸಿನ ಹಣ್ಣು ಸಶಬ್ದವಾಗಿ ಬೀಳುವುದಾದರೆ ತೆಂಗಿನ ಗರಿಯೂ ಸಶಬ್ದವಾಗಿಯೇ ಬೀಳುತ್ತದೆ. ಹಿತ್ತಾಳೆಯ ಚೊಂಬೂ ಸಶಬ್ದವಾಗಿಯೇ ಬೀಳುತ್ತದೆ. ಮಗ್ಗಿ ತಪ್ಪಿದ ಹುಡುಗನ ಬೆನ್ನಿನ ಮೇಲೆ ಗುದ್ದೂ ಸಶಬ್ದವಾಗಿಯೇ ಬೀಳುತ್ತದೆ. ದೊಪ್ಪನೆ, ಸರ್ರನೆ, ಠಣ್ಣನೆ, ಧಡ್ಡನೆ ಎಂಬ ನಾಲ್ಕು ಬೇರೆಬೇರೆ ಪದಾರ್ಥಗಳನ್ನು ಒಂದೇ ಸಂಸ್ಕೃತ ಸಮಾಸದ ಚೀಲಕ್ಕೆ ತುಂಬಿದರೆ ಭಾಷೆಗೆ ಗಾಂಭೀರ್ಯ ಬಂದಿತೆಂದು ಎಣಿಸುವುದು ನನಗಂತೂ ಒಪ್ಪಿಗೆಯಿಲ್ಲ. ಆದರೆ ಆ ತೀರ್ಪುಗಾರರ ಮನೋಧರ್ಮ ಅವರೊಬ್ಬರದೇ ಅಲ್ಲ. ಕೇಶಿರಾಜನು ಸುಮಾರು 1260ರಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಅನುಕರಣ ಪದಗಳಿಗೆ ಸ್ಥಾನ ದೊರೆಯುವುದು ಎಂಟನೆಯದಾದ ಅವ್ಯಯ ಪ್ರಕರಣದಲ್ಲಿ. ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಸಿಕೊಂಡವನನ್ನು ಬಡವನೆಂದು ಭಾವಿಸುವುದು ಲೋಕರೂಢಿ. ಪಂಡಿತರೂ ಲೋಕದವರೇ.

ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಗಲೇ ಜಾವಾ ಭಾಷೆಯ ಪರಿಚಯ ನನಗೆ ಅನಿರೀಕ್ಷಿತವಾಗಿ ಒದಗಿತು. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದ ನನ್ನ ಹಳೆಯ ಶಿಷ್ಯನೊಬ್ಬನು ಈಗ ಪೂರ್ವ ಜಾವಾದ ಸುರಬಾಯಾ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ವರ್ಷಗಳಿಗೊಮ್ಮೆ ಊರಿಗೆ ಬಂದಾಗ ತಪ್ಪದೆ ನಮ್ಮ ಮನೆಗೆ ಬಂದು, ಜಗುಲಿಯ ಮೇಲೆ ಕುಳಿತು, ಅಲ್ಲಿನ ಸಮಾಚಾರ ಹೇಳುತ್ತಾನೆ. ಒಂದು ಮಳೆಗಾಲದ ಸಂಜೆ ಮೋಡ ಮೊರೆಯುತ್ತಿರಲು ಅವನು, "ಗುರುಗಳೇ, ನಾವು ಗುಡುಗು ಅನ್ನುವುದನ್ನು ಅಲ್ಲಿಯವರು ಏನೆನ್ನುತ್ತಾರೆ ಗೊತ್ತೆ? ಗ್ಲುಡುಗ್!" ಎಂದನು. ನಾನು ಅದನ್ನು ಮತ್ತೊಮ್ಮೆ ಹೇಳಿಸಿ ಕೇಳಿದೆನು. ಆ ವರ್ಷವೇ ಅವನು ಎಲಿನರ್ ಹಾರ್ನ್ ಎಂಬ ವಿದುಷಿ 1974ರಲ್ಲಿ ಪ್ರಕಟಿಸಿದ ಜಾವಾ–ಇಂಗ್ಲಿಷ್ ನಿಘಂಟನ್ನು ನನಗೆ ತಂದುಕೊಟ್ಟನು. ನಾನು ಆ ದ್ವೀಪವನ್ನು ಕಣ್ಣಾರೆ ಕಂಡವನಲ್ಲ. ಮುಂದೆ ಹೇಳುವುದೆಲ್ಲವೂ ಆ ನಿಘಂಟು, ಇನ್ನಿತರ ಕೆಲವು ಗ್ರಂಥಗಳು, ಶಿಷ್ಯನ ಬಾಯಿ, ಅವನು ಕೇಳಿಸಿದ ಧ್ವನಿಮುದ್ರಣಗಳು, ಇವುಗಳಿಂದ ಸಂಗ್ರಹಿಸಿದ್ದು.

ಜಾವಾ ಭಾಷೆಯು ಆರು ಕೋಟಿಗೂ ಮಿಕ್ಕ ಜನರ ತಾಯಿನುಡಿ. ಅದು ಸಂಸ್ಕೃತದ ಕುಲದ್ದೂ ಅಲ್ಲ, ನಮ್ಮ ದ್ರಾವಿಡ ಕುಲದ್ದೂ ಅಲ್ಲ. ಮಡಗಾಸ್ಕರಿನಿಂದ ಪೆಸಿಫಿಕ್ ಸಾಗರದ ನಡುಗಡ್ಡೆಗಳವರೆಗೆ ಹಬ್ಬಿರುವ ಆಸ್ಟ್ರೋನೇಷಿಯನ್ ಕುಟುಂಬಕ್ಕೆ ಸೇರಿದ್ದು. ಆದರೂ ಸಂಸ್ಕೃತವನ್ನು ಅದು ಬರಮಾಡಿಕೊಂಡ ಬಗೆ ವಿಸ್ಮಯಕರವಾದುದು. ಪ್ರಾಚೀನ ಜಾವಾ ಭಾಷೆಯ ದಿನಾಂಕಸಹಿತವಾದ ಅತ್ಯಂತ ಹಳೆಯ ಶಾಸನ ಕ್ರಿ. ಶ. 804ರದು. ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿ ಭಾರತವನ್ನು ರಚಿಸಿದ ಮೇಲೆ ಒಂದು ಶತಮಾನ ಕಳೆಯುವಷ್ಟರಲ್ಲಿ, ಸುಮಾರು 1030ರಲ್ಲಿ, ಎಂಪು ಕನ್ವನೆಂಬ ಜಾವಾ ಕವಿ ಏರ್ಲಂಗ ರಾಜನ ಆಶ್ರಯದಲ್ಲಿ ಅದೇ ಅರ್ಜುನನ ತಪಸ್ಸನ್ನೂ, ಬೇಡನಾಗಿ ಬಂದ ಶಿವನೊಡನೆ ಆತನು ಮಾಡಿದ ಯುದ್ಧವನ್ನೂ 'ಅರ್ಜುನವಿವಾಹ'ವೆಂಬ ಕಾವ್ಯವಾಗಿ ಹಾಡಿದನು. ಸಂಸ್ಕೃತದ ವರ್ಣವೃತ್ತಗಳನ್ನೇ ಆ ಕವಿಗಳು ಬಳಸಿದರು. ಜೋಟ್ಮುಲ್ಡರ್ ಎಂಬ ಪಾದ್ರಿಗಳು 1982ರಲ್ಲಿ ಹೊರತಂದ ಪ್ರಾಚೀನ ಜಾವಾ ನಿಘಂಟಿನಲ್ಲಿ 25,000ಕ್ಕೂ ಹೆಚ್ಚು ಮುಖ್ಯ ಪದಗಳಿದ್ದು, ಅವುಗಳಲ್ಲಿ ಅರ್ಧದಷ್ಟು ಸಂಸ್ಕೃತದಿಂದ ಬಂದವು. ಇಷ್ಟು ಸಾಲ ತಂದ ಮನೆಯಲ್ಲಿ ಸ್ವಂತದ ಪಾತ್ರೆಪಡಗಗಳು ಅಟ್ಟ ಸೇರಿರಬೇಕೆಂದು ಯಾರಾದರೂ ಊಹಿಸುವರು. ಹಾಗಾಗಲಿಲ್ಲವೆಂಬುದೇ ಈ ಲೇಖನದ ವಿಷಯ.

ಮೊದಲು ಒಂದೆರಡು ಉಚ್ಚಾರಣೆಯ ಮಾತು. ಆ ನುಡಿಯಲ್ಲಿ ದಂತ್ಯಗಳೂ ಮೂರ್ಧನ್ಯಗಳೂ ಬೇರೆಬೇರೆಯಾಗಿ ನಿಲ್ಲುತ್ತವೆ. 'ವೆದಿ' ಎಂದರೆ ಹೆದರಿಕೆ, 'ವೆಡಿ' ಎಂದರೆ ಮರಳು. 'ತುತುಕ್' ಎಂದರೆ ಹಿರಿಯರ ಬಾಯಿ, 'ಟುಟುಕ್' ಎಂದರೆ ಹೊಡೆಯುವುದು. ಹಿರಿಯರ ವಿಷಯದಲ್ಲಿ ಉಚ್ಚಾರಣೆ ತಪ್ಪಿದರೆ ಅನರ್ಥವಾದೀತು! ನಮ್ಮ ಲಿಪಿಯಲ್ಲಿ ಈ ಭೇದವನ್ನು ನಿರಾಯಾಸವಾಗಿ ಬರೆಯಬಹುದು. ರೋಮನ್ ಲಿಪಿಯಲ್ಲಿ ಹೆಚ್ಚಿನ ಅಕ್ಷರ ಸೇರಿಸಬೇಕಾಗುತ್ತದೆ. ಜಾವಾದ ಸ್ವಂತ ಲಿಪಿಯಾದರೋ ಪಲ್ಲವ ಲಿಪಿಯ ಸಂತತಿ, ಎಂದರೆ ನಮ್ಮ ಲಿಪಿಗೆ ದಾಯಾದಿ. ಗಟ್ಟಿ ವಸ್ತುವಿಗೆ ಗಟ್ಟಿ ವಸ್ತು ತಾಗಿದ ಸದ್ದನ್ನು ಹೇಳುವಾಗ ಜಾವಾದವರ ನಾಲಗೆಯೂ ನಮ್ಮದರಂತೆಯೇ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಬಾಗಿಲು ಬಡಿಯುವುದು 'ಡೊಡೊಗ್'. ಮಸೀದಿಯ ದೊಡ್ಡ ಮದ್ದಳೆ 'ಬೆಡುಗ್'. ಅದು ಮಧ್ಯಾಹ್ನದಲ್ಲಿ ಮೊಳಗುವುದರಿಂದ ನಡುಹಗಲಿಗೂ 'ಬೆಡುಗ್' ಎಂದೇ ಹೆಸರು. ಕಪ್ಪೆ 'ಕೊಡೊಕ್'. ಕಾಗೆಯೋ, 'ಗಗಕ್'. ಯಾಸ್ಕರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಗುಡುಗಿಗೂ ಗ್ಲುಡುಗಿಗೂ ನಂಟನ್ನು ಹುಡುಕುವವರಿಗೆ ಒಂದು ಎಚ್ಚರಿಕೆ. ಎರಡು ಭಾಷೆಗಳಿಗೂ ಮೋಡ ಒಂದೇ, ಕಿವಿ ಒಂದೇ. ಅದರಿಂದ ಪದಗಳೂ ಹೋಲುತ್ತವೆ. ಇದನ್ನು ಹಿಡಿದು ಪ್ರಾಚೀನ ಕನ್ನಡಿಗರು ಹಡಗಿನಲ್ಲಿ ಗುಡುಗನ್ನು ತುಂಬಿಕೊಂಡು ಹೋದರೆಂದು ಯಾರೂ ಬರೆಯದಿರಲಿ.

ಈಗ ವಿಷಯದ ತಿರುಳಿಗೆ ಬರೋಣ. ಜಾವಾದ ವಾದ್ಯವೃಂದಕ್ಕೆ ಗಮೆಲಾನ್ ಎಂದು ಹೆಸರು. ಕಂಚಿನ ಜಾಗಟೆಗಳು, ಬೋಗುಣಿಗಳನ್ನು ಬೋರಲು ಹಾಕಿದಂತಿರುವ ಘಂಟಾವಾದ್ಯಗಳು, ಲೋಹದ ಪಟ್ಟಿಗಳು, ಮದ್ದಳೆಗಳು ಅದರಲ್ಲಿ ಕೂಡಿರುತ್ತವೆ. ಶಿಷ್ಯನು ಕೇಳಿಸಿದ ಧ್ವನಿಮುದ್ರಣದಲ್ಲಿ ನಾನು ಹೆಸರು ತಿಳಿಯುವ ಮೊದಲೇ ವಾದ್ಯಗಳನ್ನು ಕೇಳಿದೆನು; ಬಳಿಕ ಹೆಸರು ಕೇಳಿದಾಗ, ಅವು ಹೊಸವೆನಿಸಲಿಲ್ಲ. ದೊಡ್ಡ ಜಾಗಟೆ ಗೋಂಗ್. ಈ ಪದವನ್ನು ಯೂರೋಪಿನ ಭಾಷೆಗಳೂ ಆ ದ್ವೀಪಗಳಿಂದಲೇ ಕೊಂಡುಹೋದವು. ಉಳಿದವು ಕೆನೊಂಗ್, ಕೆಂಪುಲ್, ಕೆಟುಕ್. ವಾದಕರು ತಾಳ ಹೇಳುವಾಗ ಹೆಸರನ್ನು ಪೂರ್ತಿಯಾಗಿ ಹೇಳದೆ ನೊಂಗ್, ಪುಲ್, ಟುಕ್ ಎಂದು ಕೊನೆಯ ಅಕ್ಷರಗಳನ್ನಷ್ಟೇ ಉಚ್ಚರಿಸುತ್ತಾರೆ. ಅಲ್ಲಿ ಗುಟ್ಟು ಹೊರಬೀಳುತ್ತದೆ. ಸದ್ದು ಇರುವುದು ಕೊನೆಯ ಅಕ್ಷರದಲ್ಲಿ. ಮೊದಲಿನದು ಅದನ್ನು ನಾಮಪದವನ್ನಾಗಿ ನಿಲ್ಲಿಸಲು ಕೊಟ್ಟ ಊರುಗೋಲು.

ಈ 'ಟುಕ್' ಎಂಬುದನ್ನೇ ಹಿಡಿದು ಹೊರಡೋಣ. ಅದನ್ನು ಇಮ್ಮಡಿಸಿದರೆ ಟುಟುಕ್, ಹೊಡೆಯುವುದು. ಕೆಟುಕ್ ಎಂದರೆ ಹೊಡೆಯಲ್ಪಡುವ ವಾದ್ಯ. ಗಟುಕ್ ಎಂದರೆ ಎರಡು ವಸ್ತುಗಳು ಒಂದಕ್ಕೊಂದು ತಾಗಿ ಕೂಡುವುದು. ಪೆಟುಕ್ ಎಂದರೆ ದಾರಿಯಲ್ಲಿ ಇಬ್ಬರು ಸಂಧಿಸುವುದು. ಮಟುಕ್ ಎಂದರೆ ಹೊಂದುವುದು, ಒಪ್ಪುವುದು. ಮಂಟುಕ್ ಎಂದರೆ ತಲೆದೂಗಿ ಹೌದೆನ್ನುವುದು. ಕೋಲು ಕಂಚಿಗೆ ತಾಗಿದ ಒಂದು ಸದ್ದು, ಮೆಟ್ಟಿಲು ಮೆಟ್ಟಿಲಾಗಿ ಏರಿ, ಇಬ್ಬರು ಮನುಷ್ಯರ ಭೇಟಿಯಾಯಿತು, ಅಭಿಪ್ರಾಯಗಳ ಹೊಂದಾಣಿಕೆಯಾಯಿತು. ಈ ಕುಟುಂಬದ ಭಾಷೆಗಳಲ್ಲಿ ಎರಡಕ್ಷರದ ಪದಗಳ ಕೊನೆಯ ಅಕ್ಷರವು ಇಂಥ ಬೀಜವಾಗಿರುವುದುಂಟೆಂಬುದನ್ನು ಸ್ವಿಟ್ಜರ್ಲೆಂಡಿನ ರೆನ್ವರ್ಡ್ ಬ್ರಾಂಡ್‌ಸ್ಟೆಟರ್ ಎಂಬ ಪಂಡಿತರು ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಗುರುತಿಸಿದ್ದರು. 1988ರಲ್ಲಿ ರಾಬರ್ಟ್ ಬ್ಲಸ್ಟ್ ಎಂಬ ಅಮೆರಿಕದ ವಿದ್ವಾಂಸರು ಅದನ್ನೇ ವಿಸ್ತಾರವಾದ ಒಂದು ಗ್ರಂಥದಲ್ಲಿ ಚರ್ಚಿಸಿದರು. ಇವುಗಳಿಗೆ ನಮ್ಮ ಧಾತುಗಳಂತೆ ಪೂರ್ಣ ಸ್ವಾತಂತ್ರ್ಯವಿಲ್ಲ. ಎಲ್ಲ ಪದಗಳಲ್ಲಿಯೂ ಇವು ದೊರೆಯುವುದೂ ಇಲ್ಲ. ದೊರೆತ ಕಡೆಗಳಲ್ಲಿ ಮಾತ್ರ ಅನುಕರಣವು ಅವ್ಯಯದ ಮೂಲೆಯಲ್ಲಿ ಕೂರದೆ, ಪದಗಳು ಹುಟ್ಟುವ ಮನೆಯಲ್ಲೇ ಕೆಲಸ ಮಾಡುತ್ತಿರುವುದನ್ನು ಕಾಣುತ್ತೇವೆ.

ಹಾಗೆ ಹುಟ್ಟಿದ ಪದಗಳು ಊರೂರು ಸುತ್ತಿವೆ. ತಿರುಗಾಟದ ವ್ಯಾಪಾರಿಯು ಬೀದಿಯಲ್ಲಿ ಆಡಿಸುತ್ತಿದ್ದ ಗಿಲಕಿಯಂಥ ವಾದ್ಯ 'ಕ್ಲೊಂಟೊಂಗ್'. ಸದ್ದಿನಿಂದ ವಾದ್ಯಕ್ಕೆ ಹೆಸರಾಯಿತು, ವಾದ್ಯದಿಂದ ಅವನು ಮಾರುವ ಚಿಲ್ಲರೆ ಸಾಮಾನಿಗೆ ಹೆಸರಾಯಿತು. ಈಗ ಇಂಡೋನೇಷ್ಯಾದಲ್ಲೆಲ್ಲ ಕಿರಾಣಿ ಅಂಗಡಿಗೆ 'ಟೋಕೊ ಕೆಲೊಂಟೊಂಗ್' ಎನ್ನುತ್ತಾರೆ. ಗಿಲಕಿ ಎಂದೋ ಮೌನವಾಗಿದೆ, ಅಂಗಡಿಯ ಫಲಕದಲ್ಲಿ ಅದರ ಸದ್ದು ಉಳಿದಿದೆ. ಕೂಡುಸ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲವಂಗ ಬೆರೆಸಿದ ಧೂಮಪಾನದ ಸುರುಳಿಯೊಂದು ಹುಟ್ಟಿಕೊಂಡಿತು. ಉರಿಯುವಾಗ ಲವಂಗ ಚಟಚಟನೆ ಸಿಡಿಯುವ ಸದ್ದಿನಿಂದ ಅದಕ್ಕೆ 'ಕ್ರೆಟೆಕ್' ಎಂದು ಹೆಸರು. (ಪದದ ಸೊಗಸಿಗಾಗಿ ಹೇಳಿದೆನೇ ಹೊರತು, ವಿದ್ಯಾರ್ಥಿಗಳು ಪದಾರ್ಥದ ಗೊಡವೆಗೆ ಹೋಗಬಾರದು.) ಮರದ ಚಪ್ಪಟೆ ಬೊಂಬೆಗಳ ಆಟವೊಂದಿದೆ, ಬೊಂಬೆಗಳು ಒಂದಕ್ಕೊಂದು ತಾಗಿ 'ಕ್ಲಿಟಿಕ್' ಎನ್ನುವುದರಿಂದ ಅದು 'ವಯಂಗ್ ಕ್ಲಿಟಿಕ್'. ಲವು ಪರ್ವತದ ಇಳಿಜಾರಿನಲ್ಲಿ ತವಾಂಗ್‌ಮಂಗು ಎಂಬಲ್ಲಿರುವ ಪ್ರಸಿದ್ಧ ಜಲಪಾತದ ಹೆಸರು 'ಗ್ರೊಜೊಗಾನ್ ಸೆವು'. 'ಗ್ರೊಜೊಗ್' ಎಂದರೆ ನೀರು ಧುಮುಕುವ ಸದ್ದು. ಸೆವು ಎಂದರೆ ಸಾವಿರ. ನಾವು 'ಜಲಪಾತ' ಎಂದಾಗ ನೀರು ಬೀಳುತ್ತದೆ. ಅವರು ಗ್ರೊಜೊಗಾನ್ ಎಂದಾಗ ಬಿದ್ದದ್ದು ಕೇಳುತ್ತದೆ.

ಪದರಚನೆಯ ಶಾಸ್ತ್ರವನ್ನು ಅವರು ಹೇಳುವ ಕ್ರಮದಲ್ಲಿ ನಮ್ಮ ಮಠದ ವಿದ್ಯಾರ್ಥಿಗಳ ಕಿವಿ ನಿಮಿರುವಂಥ ಒಂದು ಸಂಗತಿಯಿದೆ. ಜಾವಾ ವ್ಯಾಕರಣದಲ್ಲಿ ಪ್ರತ್ಯಯ ಸೇರದ ಮೂಲಪದಕ್ಕೆ 'ತೆಂಬುಂಗ್ ಲಿಂಗ' ಎಂದು ಹೆಸರು. ತೆಂಬುಂಗ್ ಎಂದರೆ ಪದ. ಲಿಂಗವು ನಮ್ಮ ಲಿಂಗವೇ. ಅಂತ್ಯದ ಅಕಾರವನ್ನು ಅವರು ಒಕಾರದಂತೆ ನುಡಿಯುವುದರಿಂದ 'ಲಿಂಗೊ' ಎಂದು ಕೇಳುತ್ತದೆ. ಕಾತಂತ್ರ ವ್ಯಾಕರಣವು ನಾಮದ ಮೂಲರೂಪಕ್ಕೆ ಲಿಂಗವೆಂಬ ಸಂಜ್ಞೆಯನ್ನು ಕೊಟ್ಟಿದೆ. ನಮ್ಮ ಕೇಶಿರಾಜನೂ ಆ ಅರ್ಥದಲ್ಲಿ ಅದನ್ನು ಬಳಸಿದ್ದಾನೆ. ಸ್ತ್ರೀಲಿಂಗ ಪುಲ್ಲಿಂಗಗಳನ್ನಷ್ಟೇ ಬಲ್ಲ ಹುಡುಗರಿಗೆ ಇದನ್ನು ವಿವರಿಸಲು ನಾನು ಪ್ರತಿವರ್ಷ ಪಾಡುಪಡುತ್ತೇನೆ. ಜಾವಾದ ಶಾಲಾಬಾಲಕನಿಗಾದರೋ ಇದು ಮೊದಲ ಪಾಠ.

ಆ ಲಿಂಗವನ್ನು ಇಮ್ಮಡಿಸಿದರೆ ದ್ವಿಲಿಂಗ. ಮೊದಲಕ್ಷರವನ್ನಷ್ಟೇ ಇಮ್ಮಡಿಸಿದರೆ ದ್ವಿಪೂರ್ವ. ಕೊನೆಯದನ್ನು ಇಮ್ಮಡಿಸಿದರೆ 'ದ್ವಿವಸನ', ಎಂದರೆ ನಮ್ಮ ದ್ವಿ ಮತ್ತು ಅವಸಾನ. ಹೆಸರು ಸಂಸ್ಕೃತದ್ದು, ಕ್ರಿಯೆ ಪೂರ್ತಿಯಾಗಿ ಅವರದೇ. 'ಲಕು' ಎಂದರೆ ನಡೆ. ದ್ವಿಪೂರ್ವವಾಗಿ 'ಲೆಲಕು' ಎಂದಾಗ ವ್ರತನಿಷ್ಠೆಯ ನಡೆ, ತಪಶ್ಚರ್ಯೆ. ನಡೆಯೆಂಬ ಮಾತಿಗೆ ನಮ್ಮ ಶರಣರು ಕೊಟ್ಟ ತೂಕ ಇಲ್ಲಿ ನೆನಪಾಗದಿರದು. ದ್ವಿವಸನಕ್ಕೆ ನಗೆಯ ಉದಾಹರಣೆ ಸಾಕು. ಬಾಯಿಗೆ ಸೆರಗಿಟ್ಟು ನಕ್ಕರೆ 'ಚೆಕಿಕಿಕ್', ಬಾಯಿ ಬಿಟ್ಟು ನಕ್ಕರೆ 'ಚೆಕಕಕ್'. ಇಕಾರ ಬಂದಲ್ಲಿ ಸದ್ದು ಕಿರಿದು, ಅಕಾರ ಒಕಾರಗಳು ಬಂದಲ್ಲಿ ಹಿರಿದು. ಸಣ್ಣ ಕಿರುಗಂಟೆ 'ಕ್ಲಿಂಟಿಂಗ್'. ತಗಡಿನ ಡಬ್ಬ ಉರುಳಿದರೆ 'ಕ್ಲೊಂಟಂಗ್'. ನಮ್ಮ ಕಿಣಿಕಿಣಿ, ಗಣಗಣಗಳಲ್ಲಿಯೂ ಇದೇ ನ್ಯಾಯವಿದೆಯಷ್ಟೆ. ಸಂಸ್ಕೃತದ ಘಂಟೆಯೂ 'ಗೆಂಟ'ವಾಗಿ ಆ ನುಡಿಯಲ್ಲಿದೆ. ಅದು ಬಂದಿತೆಂದು ಇವರು ಕ್ಲಿಂಟಿಂಗನ್ನು ಕೆಳಗಿಳಿಸಲಿಲ್ಲ.

ದ್ವಿಲಿಂಗದಲ್ಲಿ ಸ್ವರ ಬದಲಿಸುವ ಒಂದು ಬಗೆಯುಂಟು. ತುರು ಎಂದರೆ ನಿದ್ರೆ. 'ತುರ ತುರು' ಎಂದರೆ ಹೊತ್ತುಗೊತ್ತಿಲ್ಲದೆ ಮತ್ತೆಮತ್ತೆ ಮಲಗುವುದು, ನೋಡುವವರಿಗೆ ಬೇಸರ ತರಿಸುವಷ್ಟು. ಬಲಿ ಎಂದರೆ ಮರಳುವುದು. 'ಬೊಲ ಬಲಿ' ಎಂದರೆ ಹೋಗುವುದು ಬರುವುದು, ಹೋಗುವುದು ಬರುವುದು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಪದದ ವಿವರಣೆ ಬೇಕಾಗಿಲ್ಲ. ನಾವು ಊಟಗೀಟ, ಕೆಲಸಗಿಲಸ ಎಂದು 'ಗಿ'ಕಾರದಿಂದ ತೋರುವ ತಾತ್ಸಾರವನ್ನು ಅವರು ಸ್ವರವೊಂದನ್ನು ತಿರುಗಿಸಿ ತೋರುತ್ತಾರೆ.

ಕನ್ನಡದಲ್ಲಿ ಅನುಕರಣವನ್ನು ವಾಕ್ಯಕ್ಕೆ ಕಟ್ಟುವ ಹುರಿ 'ಎನ್' ಧಾತು: ದೊಪ್ಪೆನೆ, ದೊಪ್ಪನೆ, ದೊಪ್ಪೆಂದು. ಹಣ್ಣೇ ಆ ಮಾತನ್ನು ಆಡಿತೆಂಬ ಭಾವ ಅಲ್ಲಿದೆ. ಜಾವಾದಲ್ಲಿ ಅನುಕರಣಕ್ಕೆ ಮುಂದಾಳಾಗಿ 'ಮಕ್' ಎಂಬ ಪುಟ್ಟ ಪದ ಬರುತ್ತದೆ. ನೀರಿಗೆ ಧುಮುಕಿದರೆ 'ಮಕ್ ಬ್ಯುರ್', ಗೋಡೆ ಕುಸಿದರೆ 'ಮಕ್ ಬ್ರುಕ್'. ಸದ್ದಿಗಷ್ಟೇ ಇದು ಮೀಸಲಲ್ಲ. ಕಣ್ಣಿಗೆ ತಟ್ಟನೆ ಬೆಳಕಾದರೆ 'ಮಕ್ ಬ್ಯರ್', ಬೆಳಕು ಆರಿದರೆ 'ಮಕ್ ಪೆತ್'. ಇವೆರಡನ್ನೂ ಜೋಡಿಸಿ, ಬಂದುಹೋಗುವ ವಿದ್ಯುಚ್ಛಕ್ತಿಗೆ 'ಬ್ಯರ್‌ಪೆತ್' ಎಂದು ಇಂಡೋನೇಷ್ಯಾದ ಜನ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅನುಭವ ಧಾರಾಳವಾಗಿದ್ದರೂ ಇಷ್ಟು ಚುರುಕಾದ ಪದ ಹುಟ್ಟಲಿಲ್ಲ. ಎದೆ ಧಸಕ್ಕೆಂದರೆ 'ಮಕ್ ದೆಗ್'. ಬಾಯಾರಿದಾಗ ತಣ್ಣೀರು ಗಂಟಲಿಳಿದರೆ 'ಮಕ್ ಞೆಸ್'. ಎ‍ದೆಯ ಮೇಲಿನ ಭಾರ ಇಳಿದು ಉಸಿರು ಹಗುರವಾದರೆ 'ಮಕ್ ಪ್ಲೊಂಗ್'. ಬೊಂಡಾನ್ ವಿನಾರ್ನೊ ಎಂಬ ಪಾಕರಸಿಕರು, 2017ರಲ್ಲಿ ತೀರಿಕೊಂಡವರು, ದೂರದರ್ಶನದಲ್ಲಿ ರುಚಿಯಾದ ತಿನಿಸನ್ನು ಸವಿದಾಗಲೆಲ್ಲ 'ಮಕ್ ಞುಸ್' ಎನ್ನುತ್ತಿದ್ದುದರಿಂದ, ಜಾವಾ ಬಾರದವರ ಬಾಯಲ್ಲಿಯೂ ಅದು ನಿಂತುಹೋಯಿತಂತೆ. ನಾಲಗೆಯ ಸುಖಕ್ಕೆ ಸದ್ದಿಲ್ಲ. ಆದರೂ ಕೇಳಿದವರಿಗೆಲ್ಲ ಅರ್ಥವಾಯಿತು.

ಬಹುತ್ವವನ್ನು ಸೂಚಿಸುವ ಕ್ರಮವಂತೂ ವೈಯಾಕರಣನ ಮನಸ್ಸನ್ನು ಸೆರೆಹಿಡಿಯುತ್ತದೆ. 'ಕೆಲಿಪ್' ಎಂದರೆ ಮಿನುಗುವುದು. ದೂರದ ಊರಿನ ದೀಪಗಳು ಅಲ್ಲೊಂದು ಇಲ್ಲೊಂದು ಮಿನುಗಿದರೆ 'ಪಟಿಂಗ್' ಎಂಬುದನ್ನು ಮುಂದಿಟ್ಟು, ಪದದ ಒಡಲಿಗೆ ರೇಫವೊಂದನ್ನು ತೂರಿಸಿ 'ಪಟಿಂಗ್ ಕ್ರೆಲಿಪ್' ಎನ್ನುತ್ತಾರೆ. 'ಗಂಡುಲ್' ಎಂದರೆ ಜೋತುಬೀಳುವುದು. ಮರದ ತುಂಬ ಕಾಯಿ ಜೋತರೆ 'ಪಟಿಂಗ್ ಗ್ರಂಡುಲ್'. 'ಜೆರಿತ್' ಎಂದರೆ ಚೀರುವುದು. ಹಲವರು ಚೀರಿದರೆ ಮಾತ್ರ 'ಪಟಿಂಗ್ ಜ್ಲೆರಿತ್'. ಇಲ್ಲೇಕೆ ಲಕಾರ? ಮೂಲದಲ್ಲಿ ಆಗಲೇ ರೇಫವಿದೆ. ಇನ್ನೊಂದು ಬಂದರೆ ಕಿವಿಗೆ ಕರ್ಕಶ. ಕೆಲಿಪ್, ಗಂಡುಲ್‌ಗಳಲ್ಲಿ ಲಕಾರವಿದ್ದುದರಿಂದ ರೇಫ ಬಂದಿತು. ಹೊಲ ಉಳುವ ರೈತನೂ ತಪ್ಪದೆ ಪಾಲಿಸುವ ಈ ನಿಯಮವನ್ನು ಅವನಿಗೆ ಯಾವ ಸೂತ್ರಕಾರನೂ ಕಲಿಸಿಲ್ಲ. ಇದೇ ಬಗೆಯಲ್ಲಿ ಪದದೊಳಗೆ 'ಉಮ್' ಸೇರಿದರೆ ಕ್ರಿಯೆ ನಡೆಯುತ್ತಿರುವುದು ತೋರುತ್ತದೆ. ಗ್ಲುಡುಗ್ ಗುಡುಗಾದರೆ 'ಗುಮ್ಲುಡುಗ್' ಗುಡುಗುತ್ತಿರುವುದು. ಕ್ರಿಚಿಕ್ ಎಂಬುದು ತೊರೆಯ ಸದ್ದಾದರೆ 'ಕುಮ್ರಿಚಿಕ್' ತೊರೆ ಜುಳುಜುಳಿಸುತ್ತಿರುವುದು. ಸದ್ದಿನ ಪದವೆಂದು ಅದನ್ನು ವ್ಯಾಕರಣದ ಹೊರಗಿಡಲಿಲ್ಲ. ಪದದ ಒಡಲಿಗೆ ಅಕ್ಷರವನ್ನು ತೂರಿಸುವ ಸೂಕ್ಷ್ಮ ಸಂಸ್ಕಾರಕ್ಕೆ ಅದನ್ನೂ ಒಳಪಡಿಸಿದರು.

ಇಷ್ಟಾದ ಮೇಲೂ ನಮ್ಮ ತೀರ್ಪುಗಾರರು, "ಅದು ಹಳ್ಳಿಗರ ನುಡಿಯಿರಬೇಕು, ಸಭ್ಯರು ಹೀಗೆ ಆಡುವುದಿಲ್ಲ" ಎಂದಾರು. ಹಾಗೆ ನೋಡಿದರೆ ಸಭ್ಯತೆಯ ವಿಷಯದಲ್ಲಿ ಜಾವಾ ನುಡಿಯನ್ನು ಮೀರಿಸುವುದು ಯಾರಿಗೂ ಸುಲಭವಲ್ಲ. ಸಮಾನರೊಡನೆ ಆಡುವುದು 'ಙೊಕೊ', ಹಿರಿಯರೊಡನೆ ಆಡುವುದು 'ಕ್ರಮ'. ಕ್ರಿಯಾಪದದ ಕೊನೆಯಷ್ಟೇ ಅಲ್ಲ, ಪದಗಳೇ ಬದಲಾಗುತ್ತವೆ. ತಾನು ಮಲಗಿದರೆ 'ತುರು', ವಿನಯದ ಮಾತಿನಲ್ಲಿ 'ತಿಲೆಮ್', ಪೂಜ್ಯರು ಪವಡಿಸಿದರೆ 'ಸರೆ'. ಸಂಸ್ಕೃತದಿಂದ ಬಂದ 'ದಿನ'ವೂ ಹಿರಿಯರ ಮುಂದೆ 'ದಿಂತೆನ್' ಆಗಬೇಕು. 'ಸೆಗರ', ಎಂದರೆ ನಮ್ಮ ಸಾಗರ, 'ಸೆಗಂತೆನ್' ಆಗಬೇಕು. ಸೆಮರಾಂಗ್ ಎಂಬ ಊರಿನ ಹೆಸರು ಕೂಡ 'ಸೆಮವಿಸ್' ಎಂದು ತಲೆಬಾಗುತ್ತದೆ! ಇಂಥ ಕಟ್ಟುನಿಟ್ಟಿನ ನುಡಿಯಲ್ಲಿ ಅನುಕರಣ ಪದಗಳಿಗೆ ಬಹುಮಟ್ಟಿಗೆ ಎರಡನೆಯ ರೂಪವೇ ಇಲ್ಲ. ಸಾಗರವು ರಾಜನ ಮುಂದೆ ವೇಷ ಬದಲಿಸಿದರೂ ಗ್ಲುಡುಗ್ ಬದಲಿಸುವುದಿಲ್ಲ. ಅರಮನೆಯವರೂ ಅದನ್ನು ತಪ್ಪೆಂದಿಲ್ಲ. ಯೋಗ್ಯಕರ್ತ, ಸುರಕರ್ತಗಳ ಅರಮನೆಗಳಲ್ಲಿ ರಾಜವಂಶದ ವಿವಾಹಕ್ಕೆ ನುಡಿಸುವ ಅತಿ ಪ್ರಾಚೀನ ವಾದ್ಯವೃಂದದ ಹೆಸರೇ 'ಕೊಡೊಕ್ ಙೊರೆಕ್', ವಟಗುಟ್ಟುವ ಕಪ್ಪೆ.

ಸದ್ದಿನಲ್ಲಿ ಅರ್ಥವನ್ನು ಕೇಳುವ ಈ ಅಭ್ಯಾಸ ಅವರನ್ನು ಕೆಲವೊಮ್ಮೆ ಔಪಮನ್ಯವನ ದಾರಿಗೂ ಎಳೆದಿದೆ. 'ಜರ್ವಡೊಸೊಕ್' ಎಂಬ ನಿರ್ವಚನವಿನೋದವೊಂದುಂಟು. ಅದರಂತೆ 'ಗುರು' ಎಂದರೆ 'ದಿಗುಗು ಲನ್ ದಿತಿರು', ನಂಬಲ್ಪಡುವವನು ಮತ್ತು ಅನುಕರಿಸಲ್ಪಡುವವನು. ಗುಗುವಿನ 'ಗು', ತಿರುವಿನ 'ರು'. ಗುರುವೆಂಬುದು ಸಂಸ್ಕೃತಪದ, ಅದರ ಮೂಲ ಬೇರೆ, ಎಂದು ಶಿಷ್ಯನಿಗೆ ಹೇಳಲು ಹೊರಟವನು ಸುಮ್ಮನಾದೆನು. ಗುಕಾರವನ್ನು ಕತ್ತಲೆಯೆಂದೂ ರುಕಾರವನ್ನು ಅದನ್ನು ಕಳೆಯುವುದೆಂದೂ ಬಿಡಿಸಿ ಹೇಳುವ ನಾವು ಅವರಿಗೆ ಪಾಠ ಹೇಳುವುದು ಹೇಗೆ?

ಅಲ್ಲಿಯೂ ಎಲ್ಲವೂ ಸುಖವಾಗಿದೆಯೆಂದಲ್ಲ. 1928ರಲ್ಲಿ ಯುವಜನರು ಒಟ್ಟಾಗಿ ಇಂಡೋನೇಷ್ಯನ್ ಭಾಷೆಯನ್ನು ಐಕ್ಯದ ನುಡಿಯೆಂದು ಸ್ವೀಕರಿಸಿದಂದಿನಿಂದ ಶಾಲೆ, ಕಚೇರಿ, ಪತ್ರಿಕೆಗಳು ಕ್ರಮೇಣ ಅದರ ವಶವಾದವು. ನಗರದ ಮಕ್ಕಳಿಗೆ ಕ್ರಮದ ನುಡಿ ಕಷ್ಟವಾಗುತ್ತಿದೆಯೆಂದು ಶಿಷ್ಯನ ನೆರೆಮನೆಯ ವೃದ್ಧ ಉಪಾಧ್ಯಾಯರು ಕೊರಗುತ್ತಾರಂತೆ. ಆದರೆ 'ಮಕ್' ಮಾತ್ರ ಮಕ್ಕಳ ಬಾಯಿಂದ ಹೋಗಿಲ್ಲವೆಂದೂ, ಇಂಡೋನೇಷ್ಯನ್ ಆಡುವಾಗಲೂ ಅದು ನಡುವೆ ಇಣುಕುತ್ತದೆಂದೂ ಅವರೇ ಹೇಳುತ್ತಾರಂತೆ. ಪೂರ್ವದರ್ಮಿಂತರು 1939ರಲ್ಲಿ ಜಾವಾ ನುಡಿಗೆ ಜಾವಾದಲ್ಲೇ ಅರ್ಥ ಬರೆದು ಪ್ರಕಟಿಸಿದ 'ಬವುಸಸ್ತ್ರ ಜವ'ವೆಂಬ ಕೋಶ ಈ ಪದಗಳನ್ನು ಗೌರವದಿಂದ ಒಳಗೊಂಡಿದೆ. ನಮ್ಮಲ್ಲಿಯೂ ಕಿಟೆಲ್ ಮಹಾಶಯರು 1894ರ ತಮ್ಮ ನಿಘಂಟಿನಲ್ಲಿ ಕಟಕಟ, ಗುಳುಗುಳುಗಳನ್ನು ಹೊರಗೆ ನಿಲ್ಲಿಸಲಿಲ್ಲ. ಎಂ. ಬಿ. ಎಮೆನೊ ಅವರು 1969ರಲ್ಲಿ ಬರೆದ ಲೇಖನದಲ್ಲಿ, ಭಾರತದ ಭಿನ್ನ ಕುಲದ ಭಾಷೆಗಳೆಲ್ಲ ಇಮ್ಮಡಿಸಿದ ಅನುಕರಣ ಪದಗಳನ್ನು ಹಂಚಿಕೊಂಡಿರುವುದೇ ಈ ದೇಶದ ಭಾಷಾಬಾಂಧವ್ಯಕ್ಕೆ ಒಂದು ಸಾಕ್ಷಿಯೆಂದು ತೋರಿಸಿದರು. ಪರದೇಶದ ವಿದ್ವಾಂಸರಿಗೆ ಕೇಳಿದ್ದು ನಮ್ಮ ಕೆಂಪು ಶಾಯಿಗೆ ಕೇಳಿಸುವುದಿಲ್ಲ. ಕುಮಾರವ್ಯಾಸನ ರಣರಂಗದಿಂದ ಅನುಕರಣಗಳನ್ನು ಕಿತ್ತರೆ ಉಳಿಯುವುದು ಹೆಣಗಳ ಲೆಕ್ಕ. ಗೊಣಗು, ಪಿಸುಗುಟ್ಟು, ಲೊಚಗುಟ್ಟು, ಮಿನುಗು, ಜಿನುಗು ಇವೆಲ್ಲ ಗ್ರಾಮ್ಯವೆಂದರೆ ಸಭ್ಯರು ಯಾವ ಕ್ರಿಯಾಪದದಿಂದ ಗೊಣಗಬೇಕು?

ಕೇಶಿರಾಜನಿಗೂ ನ್ಯಾಯ ಸಲ್ಲಬೇಕು. ಅನುಕರಣಗಳನ್ನು ಆತನು ಕೊನೆಗಿರಿಸಿದರೂ, ಗ್ರಂಥದ ಆರಂಭದಲ್ಲಿ ಶಬ್ದದ ಜನನವನ್ನು ಹೇಳುವಾಗ, ಜೀವನ ಇಷ್ಟದಿಂದ ನಾಭಿಮೂಲದಲ್ಲಿ ಶಬ್ದದ್ರವ್ಯವು ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದು ವಾದ್ಯವನ್ನೇ ಉಪಮಾನವಾಗಿ ತಂದಿದ್ದಾನೆ. ಅದನ್ನು ಮೊದಲಿಗಿಂತ ಈಗ ಹೆಚ್ಚು ಒತ್ತಿ ಪಾಠ ಹೇಳುತ್ತೇನೆ. ಪ್ರಬಂಧಗಳಲ್ಲಿ 'ದೊಪ್ಪನೆ' ಬಂದರೆ ನಾನು ಅಂಕ ಕಳೆಯುವುದಿಲ್ಲ. ಹಲಸಿನ ಹಣ್ಣಿಗೆ 'ಟಪ್ಪನೆ' ಎಂದು ಬರೆದರೆ ಕಳೆಯುತ್ತೇನೆ.

ಕಳೆದ ಬಾರಿ ಬಂದಾಗ ಶಿಷ್ಯನು ಇನ್ನೊಂದು ಪದ ತಂದಿದ್ದನು. ಜಾವಾದ ರೈತರು ವರ್ಷವನ್ನು ಹನ್ನೆರಡು ಅಸಮಭಾಗಗಳಾಗಿ ಎಣಿಸುತ್ತಾರೆ. ಸುರಕರ್ತದ ಅರಸನು 1856ರಲ್ಲಿ ಈ ಎಣಿಕೆಯನ್ನು ಕ್ರಮಗೊಳಿಸಿದನು. ಮಾರ್ಚ್ ತಿಂಗಳಲ್ಲಿ ಬರುವ 25 ದಿನಗಳ ಒಂಬತ್ತನೆಯ ಭಾಗದಲ್ಲಿ ಮಳೆ ಹಿಂದೆಗೆಯತೊಡಗಿ ಮರಗಳಲ್ಲಿ ಜೀರುಂಡೆಗಳು ಕೂಗಲಾರಂಭಿಸುತ್ತವೆ. ಆ ಕೀಟಕ್ಕೆ ಅದರ ಕೂಗಿನಿಂದಲೇ 'ಗರೆಂಗ್‌ಪುಂಗ್' ಎಂದು ಹೆಸರು. ಪ್ರತಿಯೊಂದು ಭಾಗಕ್ಕೂ ಲಕ್ಷಣವಾಕ್ಯವೊಂದಿದ್ದು, ಈ ಭಾಗದ ಲಕ್ಷಣ 'ವೆಡರಿಂಗ್ ವಚನ ಮುಲ್ಯ' ಎಂಬುದು: ಶ್ರೇಷ್ಠವಾದ ವಚನವು ಹೊರಹೊಮ್ಮುವ ಕಾಲ. ಕೀಟದ ಕೂಗಿಗೆ ಅವರು ಬಳಸಿದ ಪದ ನಮ್ಮ 'ವಚನ'ವೇ. "ಗುರುಗಳೇ, ಇದನ್ನು ಕನ್ನಡಕ್ಕೆ ತರುವಾಗ ವಚನ ಎಂದೇ ಬರೆಯಲೇ, ಧ್ವನಿ ಎಂದು ಬದಲಿಸಲೇ?" ಎಂದು ಅವನು ಕೇಳಿದನು. ಹೊರಗೆ ಮಠದ ಹುಣಿಸೆಮರದಲ್ಲಿ ಜೀರುಂಡೆ ಜೀರ್ ಎನ್ನುತ್ತಿತ್ತು. ವಚನವೆಂದೇ ಬರೆಯಪ್ಪ ಎಂದೆನು.